ಗ್ರೇಡ್ ಕೊಡೋರು ಬಂದಿದ್ದಾಗ

ಕಾಲೇಜುಗಳ ಗುಣಮಟ್ಟ ಅಳೆಯುವ ತಂಡ ಕೆಲವು ವರ್ಷಕ್ಕೊಮ್ಮೆ ಬಂದು ಹೋಗುತ್ತದೆ. ನಮ್ಮ ಮರ್ಯಾದೆ ಮಾತ್ರ ಅದು ಬರುವ ಆರು ತಿಂಗಳು ಮೊದಲೇ ಹೋಗಲು ಶುರುವಾಗುತ್ತದೆ. ಚಾಮರಾಜಪೇಟೆಯ ನಮ್ಮ ಹಳೇ ಕಾಲೇಜಿನಲ್ಲಿ ಈ ಸಲ ಫೈಲುಗಳ ಜವಾಬ್ದಾರಿ ನನ್ನದು. ಹಿಂದಿನ ಸಲವೇ ಗ್ರೇಡ್ ಇಳಿದಿತ್ತು. ಮತ್ತೆ ಇಳಿದರೆ ಎಂ.ಕಾಂ. ಮುಚ್ಚಿ, ಅತಿಥಿ ಉಪನ್ಯಾಸಕರನ್ನು ಮನೆಗೆ ಕಳಿಸುವುದಾಗಿ ಆಡಳಿತ ಮಂಡಳಿ ಹೇಳಿಬಿಟ್ಟಿತ್ತು. ನನಗೆ ಊಟವೇ ಸೇರುತ್ತಿರಲಿಲ್ಲ.

೧. ಪುರಾವೆ

ಪ್ರಿನ್ಸಿಪಾಲರಿಗೆ ನನಗಿಂತ ಜಾಸ್ತಿ ಭಯ. ಯಾರು ಏನು ಹೇಳಿದರೂ ‘ಪುರಾವೆ ಎಲ್ಲಿ?’ ಅನ್ನುತ್ತಿದ್ದರು. ಇತಿಹಾಸದ ಮೇಡಂ ಅರ್ಧ ದಿನ ರಜೆ ಕೇಳಲು ಹೋದರು.

“ಸಾರ್, ಹಲ್ಲು ಕೀಳಿಸ್ಬೇಕು.”

ಅವರು ಫೈಲಿನಿಂದ ತಲೆ ಎತ್ತಲಿಲ್ಲ. “ಕೀಳಿಸಿ. ಮೊದಲಿನದೊಂದು, ಆಮೇಲಿನದೊಂದು ಫೋಟೊ ಲಗತ್ತಿಸಿ.”

ಮೇಡಂ ಊದಿದ ಕೆನ್ನೆ ಹಿಡಿದುಕೊಂಡೇ ಕೇಳಿದರು: “ಫಲಾನುಭವಿ ಸಹೀನೂ ಬೇಕಾ ಸಾರ್?”

೨. ತುಂಬಿದ ಲೈಬ್ರರಿ

ತಂಡದ ಅಧ್ಯಕ್ಷರು ದೆಹಲಿಯಿಂದ ಬಂದವರು, ಬರೀ ಇಂಗ್ಲಿಷು. ಲೈಬ್ರರಿ ಖಾಲಿ ಕಾಣಬಾರದೆಂದು ಬೆಳಿಗ್ಗೆ ಒಂಬತ್ತರಿಂದಲೇ ಒಂದು ಇಡೀ ಕ್ಲಾಸನ್ನು ಅಲ್ಲಿ ಕೂರಿಸಿದ್ದೆವು. ಅಧ್ಯಕ್ಷರು ಬಂದಾಗ ಮಧ್ಯಾಹ್ನ ಎರಡು. ನೇರವಾಗಿ ಒಬ್ಬ ಹುಡುಗಿಯ ಮುಂದೆ ನಿಂತು, ದಿನಾ ಬರ್ತೀಯಾ ಅಂತ ಇಂಗ್ಲಿಷಿನಲ್ಲಿ ಕೇಳಿದರು.

ಆಕೆ ನನ್ನ ಕಡೆ ತಿರುಗಿ, “ಮೇಡಂ, ಹೊಟ್ಟೆ ಹಸಿದು ತಲೆ ಸುತ್ತುತ್ತಿದೆ. ಇನ್ನೂ ಎಷ್ಟೊತ್ತು ಕೂರ್ಬೇಕು?” ಅಂದಳು.

“ಓದಲು ಕೂತರೆ ಊಟವೂ ನೆನಪಾಗುವುದಿಲ್ಲವಂತೆ ಸಾರ್” ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಅಧ್ಯಕ್ಷರು ಏನೋ ಬರೆದುಕೊಂಡರು. ಆಮೇಲೆ ಅಚ್ಚ ಕನ್ನಡದಲ್ಲಿ, “ನಾನು ಹುಟ್ಟಿ ಬೆಳೆದದ್ದು ಮಲ್ಲೇಶ್ವರದಲ್ಲಮ್ಮ. ಪಾಪ, ಮಕ್ಕಳನ್ನ ಊಟಕ್ಕೆ ಬಿಡಿ” ಅಂದರು.

೩. ಹಳೆಯ ವಿದ್ಯಾರ್ಥಿಗಳು

ಇದ್ದ ಗ್ರೇಡೇ ಉಳಿಯಿತು, ಯಾರ ಕೆಲಸವೂ ಹೋಗಲಿಲ್ಲ ಅನ್ನುವುದು ಗೊತ್ತಾಗಿದ್ದು ಮೂರು ವಾರದ ಮೇಲೆ. ಆದರೆ ಲೈಬ್ರರಿ ನೋಡಿದ ದಿನವೇ ಸಂಜೆ ನಡೆದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ನಮಗೆ ಅದೊಂದೂ ಗೊತ್ತಿರಲಿಲ್ಲ. ತರಗುಪೇಟೆಯಲ್ಲಿ ಬೇಳೆ ವ್ಯಾಪಾರ ಮಾಡುವ ಒಬ್ಬರು ಮುಂದಿನ ಸಾಲಿನಲ್ಲಿದ್ದರು. ಅಧ್ಯಕ್ಷರು ಅವರನ್ನೇ ಕೇಳಿದರು: “ಈ ಕಾಲೇಜು ನಿಮಗೆ ಏನು ಕೊಡ್ತು?”

ಅವರು ಎದ್ದು ಕೈಮುಗಿದರು. “ಹೆಂಡ್ತೀನ ಕೊಡ್ತು ಸಾರ್. ಬಿ.ಕಾಂ.ನಲ್ಲಿ ನನ್ನ ಕ್ಲಾಸ್‌ಮೇಟು. ಅಲ್ಲಿ ಹಿಂದೆ ಕೂತಿದ್ದಾಳೆ.”

ಸಭೆಯೆಲ್ಲ ಚಪ್ಪಾಳೆ. ಪ್ರಿನ್ಸಿಪಾಲರ ಮುಖದಲ್ಲಿ ಆರು ತಿಂಗಳ ಮೇಲೆ ಮೊದಲ ನಗು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಆಕೆ ಕೈ ಎತ್ತಿದರು.

“ಸಾರ್, ಈ ಕಾಲೇಜಲ್ಲಿ ದೂರು ಪೆಟ್ಟಿಗೆ ಎಲ್ಲಿಟ್ಟಿದ್ದಾರೆ?”