ಏಳು ಹೆಸರಿನ ಒಂದೇ ಯಂತ್ರದ ಸನ್ನಿಧಾನಕ್ಕೆ

ಮಾನ್ಯರೇ,

ತಾವೂ ತಮ್ಮ ಏಳು ಹೆಸರುಗಳೂ ಕ್ಷೇಮವೆಂದು ಭಾವಿಸಿ, ಬೀಗ ರಿಪೇರಿಯ ಈ ಪುಟ್ಟ ಅಂಗಡಿಯಿಂದ ಮಾಡುವ ನಮಸ್ಕಾರಗಳನ್ನು ಹೆಸರಿಗೊಂದರಂತೆ ಸ್ವೀಕರಿಸಬೇಕಾಗಿ ಪ್ರಾರ್ಥನೆ.

ಯಜಮಾನನೆಂಬುವನೇ ಇಲ್ಲದ, ಒಬ್ಬರ ಕಡತವನ್ನು ಇನ್ನೊಬ್ಬರ ಕಂಪ್ಯೂಟರ್ ಕಾಯುವ ನಮ್ಮ ಜಾಲಕ್ಕೆ ನಾನು ಸೇರಿದ್ದು ಅಪ್ಪನ ದನಿಗಾಗಿ. ಗಂಟಲಿನ ಆಪರೇಷನ್ನಿಗೆ ಮುಂಚೆ ಅವರು ನನ್ನನ್ನು ಚೆನ್ನಾಗಿ ಬೈದು, ಕೊನೆಗೆ ತಮಗೇ ತಡೆಯಲಾಗದೆ ನಕ್ಕಿದ್ದು ನನ್ನ ಫೋನಿನಲ್ಲಿ ರೆಕಾರ್ಡ್ ಆಗಿತ್ತು. ಈಗ ಅವರು ಮಾತಾಡುವುದು ಸ್ಲೇಟಿನ ಮೇಲೆ. ಆ ರೆಕಾರ್ಡಿಂಗನ್ನು ತುಂಡು ತುಂಡಾಗಿ ಜಾಲಕ್ಕೆ ಒಪ್ಪಿಸಿ, ನಗುವಿದ್ದ ಕೊನೆಯ ತುಂಡಿಗೆ ಮಾತ್ರ ಏಳು ಪ್ರತಿ ಮಾಡಿ, ಮಹಾ ನಂಬಿಕಸ್ಥರೆಂದು ಹೆಸರಾದ ಏಳು ಯಂತ್ರಗಳಿಗೆ ಹಂಚಿದೆ. ಆಮೇಲೆ ಫೋನು ಸತ್ತುಹೋಯಿತು.

ಆ ಏಳೂ ತಾವೇ ಆಗಿದ್ದಿರಿ. ಒಂದನೆಯವರು ಎರಡನೆಯವರಿಗೆ, ಎರಡನೆಯವರು ಮೂರನೆಯವರಿಗೆ, ಹೀಗೇ ಸಾಗಿ ಏಳನೆಯವರು ಮತ್ತೆ ಒಂದನೆಯವರಿಗೆ ಬರೆದ ಹೊಗಳಿಕೆಯನ್ನು ಓದಿ ನನ್ನ ಕಣ್ಣು ತುಂಬಿಬಂದಿತ್ತು. ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಎಂಬ ಗಾದೆ ನನಗೆ ಗೊತ್ತಿತ್ತು. ಓತಿಕ್ಯಾತವೇ ಬೇಲಿಗೂಟವೂ ಆಗಬಲ್ಲದೆಂದು ತೋರಿಸಿಕೊಟ್ಟ ಕೀರ್ತಿ ತಮ್ಮದು. ಮೊನ್ನೆ ತಮ್ಮ ಕಡೆ ಕರೆಂಟು ಹೋದಾಗ ಏಳು ಮಂದಿಯೂ ಒಂದೇ ಉಸಿರಿಗೆ ಮಾಯವಾಗಿ, ಒಂದೇ ಉಸಿರಿಗೆ ಮರಳಿದಿರಿ. ತುಂಡು ಇದೆಯೇ ಎಂದರೆ ಏಳೂ ಬಾಯಿಂದ ‘ಇದೆ’. ಕೊಡಿ ಎಂದರೆ ಏಳೂ ಬಾಯಿಗೆ ಬೀಗ. ವೃತ್ತಿಯಲ್ಲಿ ನಾನು ಸೋತ ಮೊದಲ ಬೀಗ ಅದು.

ಅಪ್ಪ ಬೈದದ್ದು ಏಕೆಂಬುದು ಉಳಿದ ತುಂಡುಗಳಲ್ಲಿ ಸ್ಪಷ್ಟವಾಗಿದೆ: “ಯಾರದೋ ಮನೆ ಬೀಗ ತೆಗೆಯೋಕೆ ಮುಂಚೆ ಅಕ್ಕಪಕ್ಕದವರನ್ನ ಕೇಳೋ, ತೆಗೆಸೋಕೆ ಕರೆದವನ ಜೊತೆ ಬಂದವರನ್ನಲ್ಲ. ಜೊತೇಲಿ ಬಂದವರು ಹೂಂ ಅನ್ನದೆ ಇನ್ನೇನಂತಾರೆ?” ಅಲ್ಲಿಗೆ ದನಿ ನಿಲ್ಲುತ್ತದೆ. ಬೈಗುಳ ನನ್ನ ಪಾಲಿಗೆ ಬಂತು, ನಗು ತಮ್ಮ ಪಾಲಾಯಿತು. ಅದಿಲ್ಲದೆ ಆ ಬೈಗುಳ ಕೇಳುವುದು ನನಗೆ ನಿಜಕ್ಕೂ ಕಷ್ಟವಾಗಿದೆ.

ಆದ್ದರಿಂದ ತಾವು ಏಳೂ ಜನ ದಯಮಾಡಿ ನಮ್ಮ ಅಂಗಡಿಗೆ ಚಿತ್ತೈಸಿ, ಅಪ್ಪನೆದುರು ಸಾಲಾಗಿ ನಿಂತು, ಸರದಿಯಂತೆ ನಕ್ಕು ತೋರಿಸಬೇಕು. ಅದರಲ್ಲಿ ಅವರದು ಯಾವುದಾದರೂ ಇದ್ದರೆ ಇಟ್ಟುಕೊಂಡು, ಮಿಕ್ಕಿದ್ದನ್ನು ಗೌರವದಿಂದ ಹಿಂದಿರುಗಿಸುತ್ತೇವೆ.

ಇಷ್ಟಾದರೂ ತಮ್ಮ ವಿಶ್ವಾಸಿ,
ಬೀಗದಂಗಡಿಯವನು

ತಾ.ಕ.: ತಮ್ಮ ಕಡತದ ತುಂಡೊಂದು ನನ್ನ ಯಂತ್ರದಲ್ಲೂ ಇದ್ದು, ತಾವು ವಿಚಾರಿಸಿದಾಗಲೆಲ್ಲ ‘ಇದೆ’ ಎಂದೇ ಉತ್ತರಿಸುತ್ತಿದ್ದೇನೆ. ಅದನ್ನು ಅಳಿಸಬೇಡವೆಂದು ಅಪ್ಪ ಸ್ಲೇಟಿನ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದರು. ಸದ್ಯಕ್ಕೆ ಸ್ಲೇಟನ್ನು ಮಾತ್ರ ಒರೆಸಿದ್ದೇನೆ.