ದಿನಾ ಸಂಜೆ ಬೈಯುವ ಕಾಕಾ

ಇದರಲ್ಲಿ ಒಂದು ಮಾತು ಸುಳ್ಳಿದ್ದರೂ ಈ ಜನ್ಮದಲ್ಲಿ ನನಗೆ ಹುರಿದ ಬಂಗಡೆ ಸಿಗದಿರಲಿ. ಇಂಥವೆಲ್ಲ ನಿನಗೇ ಯಾಕೆ ಆಗುತ್ತವೆ ಅಂತ ಜನ ಕೇಳುತ್ತಾರೆ. ದೊಡ್ಡ ಮನುಷ್ಯರಿಗೇ ಆಗೋದು, ಏನು ಮಾಡೋಣ?

ನನ್ನ ಕಂಠ

ಗೋವಾದ ಒಂದು ಎಚ್‌ಐವಿ ಔಷಧ ಕೇಂದ್ರದಲ್ಲಿ ನಾನು ಸಹಾಯಕ. ಭಾಳ ವರ್ಷದಿಂದ ನಾನೂ ಅದೇ ಗುಳಿಗೆ ನುಂಗುವವ, ಹಾಗಾಗಿ ಡಾಕ್ಟರಿಗಿಂತ ಅರ್ಧ ಇಂಚು ಮೇಲೆ. ಕುಡಿತ ಹೆಚ್ಚಾದರೆ ಗುಳಿಗೆ ಮರೆಯುತ್ತದೆ, ಗುಳಿಗೆ ಮರೆತರೆ ರೋಗ ತಲೆ ಎತ್ತುತ್ತದೆ. ಇದನ್ನು ಎದುರು ಕೂತು ಹೇಳಲು ಯಾರಿಗೂ ಪುರುಸೊತ್ತಿಲ್ಲ. ಅದಕ್ಕೇ ದಿನಾ ಸಂಜೆ ಕಂಪ್ಯೂಟರೇ ಫೋನ್ ಮಾಡಿ ಬುದ್ಧಿ ಹೇಳುವ ಯೋಜನೆ ಬಂತು. ಗಡಿ ದಾಟಿ ದುಡಿಯಲು ಬಂದ ನಮ್ಮ ಕಡೆಯ ಕೂಲಿಯವರಿಗೆ ಕನ್ನಡದಲ್ಲಿ.

ಯೋಜನೆಯ ಮೇಡಂ ಬರೆದು ತಂದದ್ದು: "ಮಾನ್ಯರೇ, ತಾವು ನಿನ್ನೆ ಮದ್ಯಸೇವನೆ ಮಾಡಿರುವಿರಾ?"

"ಹಿಂಗ ಮರ್ಯಾದಿಲೆ ಕೇಳಿದ್ರ ಆಮಂತ್ರಣ ಅಂತ ತಿಳಕೊಂತಾರ್ರಿ," ಅಂದೆ.

ಕೊನೆಗೆ ನನ್ನ ಮಾತು, ನನ್ನದೇ ಕಂಠ: "ಗುಳಿಗಿ ನುಂಗಿದೇನಪಾ? ನಿನ್ನೆ ಕುಡದಿ? ಕುಡದಿದ್ರ ಒಂದು ಒತ್ತು, ಇಲ್ಲಂದ್ರ ಎರಡು ಒತ್ತು. ಸುಳ್ಳು ಒತ್ತಬ್ಯಾಡ."

ರೆಕಾರ್ಡ್ ಮಾಡುವಾಗ ಹೊರಗಿದ್ದ ಬಾಗಲಕೋಟೆಯ ವಾಚ್‌ಮನ್ ಒಳಗೆ ಬಂದು ಕೈಮುಗಿದ: "ಒಂದ ಕ್ವಾರ್ಟರ್ರಿ ಸಾಹೇಬ್ರ, ಅದೂ ಹಬ್ಬಕ್ಕಂತ."

ಕಿವುಡ ಕಾಕಾ

ಇಂಡಿ ಕಡೆಯ ಒಬ್ಬ ಗೌಂಡಿ, ಗೋಡೆ ಕಟ್ಟುವವ, ನಮ್ಮಲ್ಲಿ ಗುಳಿಗೆ ಒಯ್ಯುತ್ತಿದ್ದ. ಕೊರ್ತಾಲಿಮ್‌ನಲ್ಲಿ ಒಂದೇ ಖೋಲಿಯಲ್ಲಿ ಅವನೂ ಸೇರಿ ಐದಾರು ಮಂದಿ ವಾಸ. ರೋಗದ ಸುದ್ದಿ ಹೊರಬಿದ್ದರೆ ಖೋಲಿಯೂ ಹೋಯಿತು, ಕೆಲಸವೂ ಹೋಯಿತು ಅಂತ ಅವನಿಗೆ ಜೀವಭಯ. ಗುಳಿಗೆ ಬಿಪಿಯದು ಅಂತ ಹೇಳಿಟ್ಟಿದ್ದ. ಯೋಜನೆಯವರು ಜಾಣರು, ಫೋನಿನಲ್ಲಿ ರೋಗದ ಹೆಸರೇ ಬರದಂತೆ ನೋಡಿಕೊಂಡಿದ್ದರು. ಆದರೆ ಇವನ ಫೋನು ಸಿಮೆಂಟಿನಲ್ಲಿ ಬಿದ್ದು ಕೆಟ್ಟು, ಸ್ಪೀಕರ್ ಹಾಕಿದರಷ್ಟೇ ಕೇಳಿಸುತ್ತದೆ ಅನ್ನುವುದು ಯಾವ ಜಾಣನಿಗೂ ಹೊಳೆದಿರಲಿಲ್ಲ.

ಮೊದಲ ಸಂಜೆಯೇ ಖೋಲಿ ತುಂಬ ನನ್ನ ಕಂಠ. ಯಾರಲೇ ಅದು ಅಂದರು. ಗೌಂಡಿ ಬಾಯಿಗೆ ಬಂದದ್ದು ಹೇಳಿದ: "ನಮ್ಮ ಕಾಕಾ."

ಕಾಕಾ ಪ್ರಸಿದ್ಧನಾದ. ಒಬ್ಬ ಫೋನ್ ಕಸಿದು, ನನಗೂ ಒಂದು ಹೆಣ್ಣು ನೋಡ್ರಿ ಅಂತ ಬೇಡಿಕೊಂಡ. ಕಾಕಾ, ಸುಳ್ಳು ಒತ್ತಬ್ಯಾಡ ಅಂದ. ಊಟ ಆತೇನ್ರಿ ಅಂದರೆ, ನಿನ್ನೆ ಕುಡದಿ ಅಂದ. ಕೊನೆಗೆ ಖೋಲಿಯ ಹಿರಿಯ, ಒಬ್ಬ ಬಡಿಗ, ತೀರ್ಪು ಕೊಟ್ಟ: "ಮನಷ್ಯಾ ಭಾಳ ಚಲೋ ಅದಾನ. ಕಿವಿ ಅಷ್ಟ ಹೋಗ್ಯಾವ."

ಕಾಕಾ ಸಿಕ್ಕಿಬಿದ್ದದ್ದು

ಒಂದು ರವಿವಾರ ಮಧ್ಯಾಹ್ನ ಕೊರ್ತಾಲಿಮ್‌ನ ಬಾರಿನಲ್ಲಿ ಊಟಕ್ಕೆ ಕೂತಿದ್ದೆ. ಗೋವಾದಲ್ಲಿ ಒಳ್ಳೆಯ ಮೀನೂಟ ಬಾರಿನಲ್ಲೇ ಸಿಗುತ್ತದೆ, ಅದು ನನ್ನ ತಪ್ಪಲ್ಲ. ಮುಂದೆ ಒಂದು ಗ್ಲಾಸು ಲಿಂಬು ಸೋಡಾ. ನಮ್ಮ ಕಡೆಯ ವೇಟರಿಗೆ, ಇನ್ನೊಂದು ಬಂಗಡಿ ತಾರಪಾ ಅಂದೆ. ಹಿಂದಿನ ಮೇಜಿನಲ್ಲಿ ಊಟ ಮಾಡುತ್ತಿದ್ದ ಖೋಲಿಯವರೆಲ್ಲ ಕಂಠ ಕೇಳಿ ಎದ್ದು ನಿಂತರು.

ಬಡಿಗ ಬಂದು ಕಾಲು ಮುಟ್ಟಿದ. ಅವನ ಹಿಂದೆ ಗೌಂಡಿ, ಮುಖ ಸುಣ್ಣ ಬಳಿದ ಗೋಡೆ. "ಕಾಕಾರ, ಗೋವಾದಾಗ ಏನ್ ಕೆಲಸಾ ಮಾಡ್ತೀರಿ?" ಅಂತ ಬಡಿಗ ನನ್ನ ಕಿವಿಯಲ್ಲಿ ಕೂಗಿದ. ಖರೇ ಹೇಳಿದರೆ ಗೌಂಡಿ ಅಲ್ಲೇ ಬೀದಿಗೆ. ಕಿವಿಗೆ ಕೈ ಹಚ್ಚಿ, ಹ್ಞಾಂ ಅಂದೆ. ಮತ್ತೆ ಕೂಗಿದ. ನಾನು ಗೌಂಡಿಯತ್ತ ತಿರುಗಿ, "ಗುಳಿಗಿ ನುಂಗಿದೇನಪಾ?" ಅಂದೆ.

ಅವನಿಗೆ ಉಸಿರು ಬಂತು. "ನುಂಗೇನಿ, ಕಾಕಾ."

ಬಡಿಗನಿಗೆ ಕಣ್ಣಲ್ಲಿ ನೀರು. ಆಮೇಲೆ ನನ್ನ ಗ್ಲಾಸು ಎತ್ತಿ, ಮೂಸಿ, ಒಯ್ದು ಬೇಸಿನ್ನಿಗೆ ಸುರಿದ. ಅಂಥ ತಂಪು ಸೋಡಾ. "ದಿನಾ ಹುಡುಗಗ ಬೈತೀರಿ. ನೀವೂ ಸುಳ್ಳು ಒತ್ತಬ್ಯಾಡ್ರಿ," ಅಂದ.

ಕಾಕಾ ಗೋವಾದಲ್ಲೇ ಇದ್ದಾನೆ ಅಂತ ಗೊತ್ತಾದ ಮೇಲೆ ಖೋಲಿಯವರು ಗೌಂಡಿಯನ್ನು ಬಾರಿನ ಹತ್ತಿರ ಬಿಡುತ್ತಿಲ್ಲ. ಗುಳಿಗೆ ತಪ್ಪುತ್ತಿಲ್ಲ, ರಕ್ತದ ರಿಪೋರ್ಟು ಚಲೋ ಬಂದಿದೆ. ಯೋಜನೆಯವರು ಸಭೆ ಮಾಡಿ ಕಂಪ್ಯೂಟರಿಗೆ ಚಪ್ಪಾಳೆ ತಟ್ಟಿದರು. ನಾನೋ, ಕೊರ್ತಾಲಿಮ್‌ನಿಂದ ಕುಂಡಯಿವರೆಗೆ ಯಾವ ಬಾರಿನಲ್ಲಿ ಬಾಯಿ ತೆರೆದರೂ ಯಾರೋ ಒಬ್ಬ ಕಾಲು ಮುಟ್ಟಿ ಗ್ಲಾಸು ಒಯ್ಯುತ್ತಾನೆ.

ಎಲ್ಲ ಖರೇ. ಒಂದೇ ಒಂದು ಸಣ್ಣ ಮಾತು ಕಟ್ಟಿದ್ದು. ಆ ಗ್ಲಾಸಿನಲ್ಲಿ ಲಿಂಬು ಇತ್ತು, ಸೋಡಾನೂ ಇತ್ತು. ಬರೇ ಅವೆರಡೇ ಇದ್ದವು ಅನ್ನುವ ಹಾಗೆ ಹೇಳಿದೆನಲ್ಲ, ಅದು.