ಸತ್ತ ಬೀರಜ್ಜ ಮಜ್ಜಿಗೆ ಕುಡಿದದ್ದು

ನನಗೊಂದು ರೋಗವಿದೆ. ಯಾರಾದರೂ ಕಥೆ ಹೇಳುತ್ತಿದ್ದರೆ ನನ್ನ ಕಿವಿ ಕಥೆಯನ್ನು ಕೇಳುವುದಿಲ್ಲ, ಅದರೊಳಗಿನ ತಪ್ಪನ್ನು ಕೇಳುತ್ತದೆ. ನನ್ನ ಹೆಂಡತಿಯ ಸೋದರಮಾವ ಹರೆಯದಲ್ಲಿ ಗೋಕಾಕ ಫಾಲ್ಸಿನ ಹತ್ತಿರ ಚಿರತೆಯನ್ನು ಓಡಿಸಿದ ಪ್ರಸಂಗವನ್ನು ಪ್ರತಿಯೊಂದು ಮದುವೆಯ ಊಟದ ಪಂಕ್ತಿಯಲ್ಲೂ ಹೇಳುತ್ತಾರೆ. ಹತ್ತು ವರ್ಷ ತಡೆದುಕೊಂಡೆ. ಹನ್ನೊಂದನೆಯ ವರ್ಷ, "ಮಾಮಾ, ಹ್ವಾದ ಸಲ ನಿಮ್ಮ ಕೈಯಾಗ ಕೊಡಲಿ ಇತ್ತು, ಈ ಸಲ ಛತ್ರಿ ಆಗೇತಲ್ರಿ" ಎಂದೆ. ಅಂದಿನಿಂದ ಮದುವೆಗಳಲ್ಲಿ ನನ್ನನ್ನು ಬೇರೆ ಪಂಕ್ತಿಯಲ್ಲಿ ಕೂರಿಸುತ್ತಾರೆ. ಚಿರತೆ ಮಾತ್ರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಇದೆ ಎಂದು ಕೇಳಿದ್ದೇನೆ. ಈ ರೋಗಕ್ಕೆ ನನ್ನ ಉದ್ಯೋಗವೂ ಕಾರಣವಿರಬಹುದು. ಗೋಕಾಕದ ಹೈಸ್ಕೂಲೊಂದರಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಮೊಮ್ಮಗ ಅಜ್ಜನಿಗೆ ಪಟ್ಟ ಕಟ್ಟುವ, ಸೋತ ರಾಜ ಗೆದ್ದವನನ್ನು ಕ್ಷಮಿಸಿ ಬಿಡುವ ಉತ್ತರಪತ್ರಿಕೆಗಳನ್ನು ಇಪ್ಪತ್ತೈದು ವರ್ಷ ತಿದ್ದಿದವನಿಗೆ ಮನುಷ್ಯಕುಲದ ಮೇಲೆ ಎಷ್ಟು ಗೌರವ ಉಳಿದೀತು?

ಇಂಥವನನ್ನು ನನ್ನ ಹಳೆಯ ವಿದ್ಯಾರ್ಥಿ ಮಹಾದೇವ ಒಂದು ಆಟಕ್ಕೆ ಕರೆದ. ಅವನು ಈಗ ನಿಡಸೋಸಿಯಲ್ಲಿ ಉಪನ್ಯಾಸಕ. "ಸರ್, ಆನ್‌ಲೈನ್ ಗೇಮ್ ಐತ್ರಿ. ಬಂದೂಕು ಗಿಂದೂಕು ಏನಿಲ್ಲ. ಒಬ್ಬೊಬ್ಬರು ಒಂದೊಂದು ಪಾತ್ರ ತಗೋಬೇಕು, ಆ ಪಾತ್ರ ಏನ್ ಮಾಡ್ತು, ಏನ್ ಮಾತಾಡ್ತು ಅಂತ ಫೋನಿನ್ಯಾಗ ಬರೀಬೇಕು. ಅಲ್ಲಿಂದ ಮತ್ತೊಬ್ಬರು ಮುಂದುವರಸ್ತಾರ. ಆಸ್ಥಾನದಾಗ ಎಲ್ಲಾ ಬರದಿಡಾಕ ಒಬ್ಬ ಕರಣಿಕ ಬೇಕಾಗ್ಯಾನ" ಎಂದ. ರಾಜ್ಯದ ಹೆಸರು ಕೆಂಪುಗಡ. ಮಹಾದೇವನೇ ರಾಜ, ಜಗಳ ಬಂದರೆ ತೀರ್ಪು ಕೊಡುವವನೂ ಅವನೇ. ಆಡುವವರು ಹನ್ನೆರಡು ಜನ. ಅವರಲ್ಲಿ ಇಬ್ಬರನ್ನು ನೀವು ತಿಳಿದುಕೊಂಡರೆ ಸಾಕು. ಒಬ್ಬ ಲಕ್ಕಪ್ಪ, ಕಲ್ಲೋಳಿಯ ಕುರಿಗಾರರ ಮನೆತನದವನು, ಮೂಡಲಗಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನು ಬೀರಜ್ಜ ಎಂಬ ಮುದುಕ ಕುರಿಗಾರನ ಪಾತ್ರ ವಹಿಸಿದ್ದ. ಇನ್ನೊಬ್ಬಳು ಸುಮಿತ್ರಾ, ಹುಕ್ಕೇರಿಯಲ್ಲಿ ನರ್ಸ್. ಅವಳು ರಾಣಿ.

ಕರಣಿಕನಾಗಿ ಒಂದು ತಿಂಗಳಾಗುವುದರೊಳಗೆ ನನಗೆ ಗೊತ್ತಾಯಿತು, ಇದು ರಾಜ್ಯವಲ್ಲ, ಮರೆಗುಳಿಗಳ ಸಂತೆ. ಯುದ್ಧದಲ್ಲಿ ಎಡಗೈ ಕಳೆದುಕೊಂಡ ಸೇನಾಪತಿ ಮರುದಿನ ವಿಜಯೋತ್ಸವದಲ್ಲಿ ಚಪ್ಪಾಳೆ ತಟ್ಟಿದ. ಶತ್ರು ದೇಶದ ರಾಯಭಾರಿಗೆ ಉಡುಗೊರೆಯಾಗಿ ಬಂದ ಕರದಂಟನ್ನು ಕಚ್ಚಿ ಮುಂದಿನ ಎರಡು ಹಲ್ಲು ಮುರಿದವು. ಅದೇ ವಾರ ಅವನು ಅವೇ ಹಲ್ಲುಗಳಿಂದ ಕಬ್ಬು ಸಿಗಿದು ತಿಂದ. ರಾಜನ ಕುದುರೆ ಸೋಮವಾರ ಗಂಡಾಗಿತ್ತು, ಶುಕ್ರವಾರ ಮರಿ ಹಾಕಿತು. ಗಡದ ಕೆಳಗಿನ ಹೊಳೆ ಮೂಡಲಕ್ಕೆ ಹರಿಯುತ್ತದೆಂದು ನಾನೇ ನಕ್ಷೆ ಬರೆದು ಹಾಕಿದ್ದೆ. ಒಬ್ಬ ಮಹಾಶಯನಿಗೆ ಅವಸರವಿದ್ದುದರಿಂದ ದೋಣಿಯನ್ನು ಪಡುವಲಕ್ಕೆ ತೇಲಿಬಿಟ್ಟ, ಹೊಳೆಯೂ ಮರುಮಾತಿಲ್ಲದೆ ತಿರುಗಿಕೊಂಡಿತು. ಕೇಳಿದರೆ, "ಸರ್, ಆಟ ಅಲ್ರಿ?" ಎನ್ನುತ್ತಾರೆ. ಆಟವಾದರೆ ಹೊಳೆಗೆ ಮಾನ ಬೇಡವೇ? ಓದಿದವರು, ನೌಕರಿ ಮಾಡುವವರು, ಬೇರೆ ದಿನಗಳಲ್ಲಿ ರೋಗಿಯ ರಕ್ತದ ಗುಂಪನ್ನೂ ಮೋಟಾರಿನ ನಂಬರನ್ನೂ ತಪ್ಪದೆ ಬರೆದುಕೊಳ್ಳುವವರು, ಒಂದು ಕುದುರೆಯ ಲಿಂಗವನ್ನು ಐದು ದಿನ ನೆನಪಿಡಲಾರರು. ನಾನು ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು ಎಡಬದಿಗೆ 'ಮೊದಲು ಹೇಳಿದ್ದು', ಬಲಬದಿಗೆ 'ಆಮೇಲೆ ಒದರಿದ್ದು' ಎಂದು ಬರೆಯತೊಡಗಿದೆ. ಪ್ರತಿ ರವಿವಾರ ಬೆಳಿಗ್ಗೆ ಆ ವಾರದ ತಪ್ಪುಗಳನ್ನು ತಪ್ಪು ಮಾಡಿದವರ ಹೆಸರಿನ ಸಮೇತ ಗ್ರೂಪಿನಲ್ಲಿ ಹಾಕುತ್ತಿದ್ದೆ. ಯಾರೂ ಥ್ಯಾಂಕ್ಸ್ ಹೇಳಲಿಲ್ಲ. ಒಬ್ಬರು ಮಾತ್ರ ತಮ್ಮ ಪಾತ್ರಕ್ಕೆ ಜ್ವರ ಬಂದಿದೆ ಎಂದು ಬರೆದು ಆಟ ಬಿಟ್ಟು ಹೋದರು.

ಹೀಗಿರುವಾಗ ಬೀರಜ್ಜ ಸತ್ತ. ಲಕ್ಕಪ್ಪನೇ ಅವನನ್ನು ಗಡದ ಗೋಡೆಯ ಮೇಲಿಂದ ಕೆಳಗೆ ಬೀಳಿಸಿದ. ನಾನು ಸಾವಿನ ತಿಥಿ ಬರೆದುಕೊಂಡೆ, ಮಣ್ಣು ಮಾಡಿಸಿದೆ, ದಿನ ಮಾಡಿಸಿದೆ, ಅವನ ಕುರಿಗಳನ್ನು ಯಾರು ಮೇಯಿಸಬೇಕೆಂದೂ ನಿಶ್ಚಯಿಸಿದೆ. ಕೆಂಪುಗಡದಲ್ಲಿ ಅಷ್ಟು ಅಚ್ಚುಕಟ್ಟಾಗಿ ನಡೆದ ಕಾರ್ಯ ಇನ್ನೊಂದಿಲ್ಲ. ನಾಲ್ಕನೆಯ ದಿನ ರಾಣಿ ಬರೆದಳು: 'ಬೀರಜ್ಜ ಬೇವಿನ ಕಟ್ಟೆಯ ಮೇಲೆ ಕೂತು ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು ನಕ್ಕ.' ನಾನು ತಕ್ಷಣ ಕೇಳಿದೆ: 'ದಿನಕರ್ಮ ಮುಗಿದಿದೆ. ಮಜ್ಜಿಗೆ ಕುಡಿದವರು ಯಾರು?' ಸುಮಿತ್ರಾ ಕೈಮುಗಿಯುವ ಚಿತ್ರವೊಂದನ್ನು ಹಾಕಿದಳು. ಮರುದಿನ ಬೀರಜ್ಜ ಕುರಿಯ ಉಣ್ಣೆ ಕತ್ತರಿಸಿದ. ಅದರ ಮರುದಿನ ರಾಣಿಯ ತಲೆನೋವಿಗೆ ಯಾವುದೋ ಸೊಪ್ಪು ಅರೆದು ಹಚ್ಚಿದ. ಇದಕ್ಕಿಂತ ಹೇಸಿಗೆಯ ಸಂಗತಿಯೆಂದರೆ ಉಳಿದವರೆಲ್ಲ ಏನೂ ಆಗಿಲ್ಲವೆಂಬಂತೆ ಅವನೊಡನೆ ಮಾತನಾಡಿದರು. ಬೀರಜ್ಜನನ್ನು ಕೊಂದು, ಖಾಲಿ ಬಿದ್ದಿದ್ದ ಸೇನಾಪತಿಯ ಪಾತ್ರ ಹಿಡಿದಿದ್ದ ಲಕ್ಕಪ್ಪ ಕೂಡ ಎದುರಿಗೆ ಬಂದ ಬೀರಜ್ಜನಿಗೆ ನಮಸ್ಕಾರ ಮಾಡಿದ.

ಅವನಿಗೆ ಫೋನ್ ಮಾಡಿದೆ. "ಲಕ್ಕಪ್ಪಾ, ಅವನ್ನ ಕೊಂದಾಂವ ನೀನು. ನೀನ ನಮಸ್ಕಾರ ಮಾಡ್ತಿಯಲ್ಲೋ" ಎಂದೆ. ಹಿಂದೆ ಯಾವುದೋ ಮೋಟಾರು ಗುರುಗುಡುತ್ತಿತ್ತು. "ಸರ್, ನನಗ ಆ ಮುದುಕನ ಪಾತ್ರ ಸಾಕಾಗಿತ್ರಿ. ಮನ್ಯಾಗೂ ಕುರಿ, ಆಟದಾಗೂ ಕುರಿ. ಒಂದು ಕುದರಿ ಹತ್ತಬೇಕು ಅನಿಸ್ತು, ಅದಕ್ಕ ಬಿಟ್ಟೆ. ಸುಮಿತ್ರಕ್ಕಗ ಬೇಕಂದ್ರ ಇಟ್ಕೊಳ್ಳಲಿ ಬಿಡ್ರಿ" ಎಂದ. "ಸತ್ತಾಂವನ್ನ ಹ್ಯಾಂಗ ಇಟ್ಕೋತಾರೋ?" ಎಂದರೆ, "ಮಣ್ಣು ಸಡಲ ಹಾಕಿದ್ರೇನೋ ನೀವು" ಎಂದು ಹೇಳಿ ಗಿರಾಕಿ ಬಂದರೆಂದು ಫೋನ್ ಇಟ್ಟ. ಮಹಾದೇವನಿಗೆ ದೂರು ಕೊಟ್ಟೆ. ರಾಜ ಕೊಟ್ಟ ತೀರ್ಪು ಇಷ್ಟೇ: ಕರಣಿಕರು ಸ್ವತಃ ರಾಣಿಯವರೊಡನೆ ಮಾತನಾಡಿ ಇತ್ಯರ್ಥ ಮಾಡಿಕೊಳ್ಳತಕ್ಕದ್ದು. ರಾಜರೆಲ್ಲ ಹೀಗೆಯೇ.

ಮುಂದಿನ ರವಿವಾರ ನೋಟ್‌ಬುಕ್ಕನ್ನು ಬಗಲಲ್ಲಿಟ್ಟುಕೊಂಡು ಹುಕ್ಕೇರಿಗೆ ಹೊರಟೆ. ಹೆಂಡತಿ ಶೋಭಾ ಬಾಗಿಲಲ್ಲಿ ನಿಂತು, "ಇಲ್ಲದಾಂವ ಸತ್ತಾನೋ ಬದಕ್ಯಾನೋ ಅಂತ ಕೇಳಾಕ ಬಸ್ಸಿನ್ಯಾಗ ಹೊಂಟೀರಿ. ನಮ್ಮ ಅತ್ಯಾರು ಅರಾಮಿಲ್ಲ ಅಂದಾಗ ಎರಡ ದಿನ ತಡದ ಹೋಗಿದ್ರಿ" ಎಂದಳು. ಎರಡು ದಿನವಲ್ಲ, ಒಂದೂವರೆ ದಿನ. ಹೇಳಬೇಕೆಂದಿದ್ದೆ, ಬಸ್ಸಿಗೆ ತಡವಾಗುತ್ತಿತ್ತು. ಘಟಪ್ರಭಾ ದಾಟುವವರೆಗೂ ಸುಮಿತ್ರಾಳಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಕಠೋರವಾಗಿರಬೇಕು, ಆದರೆ ಕಣ್ಣೀರು ತರಿಸಬಾರದು. ತರಿಸಿದರೂ ತೀರಾ ಹೆಚ್ಚಾಗಿ ತರಿಸಬಾರದು.

ಮನೆ ಹುಡುಕಿಕೊಂಡು ಹೋದಾಗ ಮಧ್ಯಾಹ್ನ. ಸುಮಿತ್ರಾ ಆಗಷ್ಟೇ ಡ್ಯೂಟಿ ಮುಗಿಸಿ ಬಂದು ಯೂನಿಫಾರ್ಮಿನಲ್ಲೇ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ಕಂಡು, ನನ್ನ ಬಗಲಿನ ನೋಟ್‌ಬುಕ್ ಕಂಡು, ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಸರ್, ಸಣ್ಣಗ ಮಾತಾಡ್ರಿ" ಎಂದು ಒಳಗಿನ ಕೋಣೆಯ ಕಡೆ ನೋಡಿದಳು. ಅವಳ ಅತ್ತೆ ಗಂಗವ್ವ ಸೊಂಟದ ಎಲುಬು ಮುರಿದುಕೊಂಡು ನಾಲ್ಕು ತಿಂಗಳಿಂದ ಮಲಗಿದ್ದಾಳೆ. ಕುರಿಗಾರರ ಮನೆಯ ಹೆಣ್ಣುಮಗಳು, ಹರೆಯದಲ್ಲಿ ಹಿಂಡಿನ ಜೊತೆ ಊರೂರು ನಡೆದವಳು. ಈಗ ಗೋಡೆ ನೋಡುತ್ತ ಮಲಗಬೇಕು. ಹೊತ್ತು ಹೋಗಲೆಂದು ಸುಮಿತ್ರಾ ದಿನಾ ಮಧ್ಯಾಹ್ನ ಕೆಂಪುಗಡದ ಕಥೆಯನ್ನು ಫೋನು ನೋಡಿ ಓದಿ ಹೇಳುತ್ತಾಳೆ. "ಬೀರಜ್ಜ ಸತ್ತ ಅಂತ ಓದಿದ ದಿನ ಅತ್ತಿ ಆ ಕಡೆ ಮಗ್ಗಲಾ ಹೊಳ್ಳಿ ಮಲ್ಕೊಂಡ್ರು ಸರ್. ರಾತ್ರಿ ಊಟ ಬ್ಯಾಡಂದ್ರು, ಮುಂಜಾನಿ ಗುಳಿಗಿ ಬ್ಯಾಡಂದ್ರು. ಮೂರ ದಿನ ಹಂಗ. ನಾಕನೇ ದಿನ ನಾ ಎಬ್ಬಿಸಿದೆ" ಎಂದಳು. "ಅತ್ತೆಯವರನ್ನೇ?" ಎಂದೆ. "ಬೀರಜ್ಜನ್ನ" ಎಂದಳು.

ನನ್ನ ಮನಸ್ಸು ಕರಗಿತೆಂದು ನೀವು ತಿಳಿಯಬೇಡಿ. ಅತ್ತೆಗಾಗಿ ಆದರೂ ತಪ್ಪು ತಪ್ಪೇ. ಮನೆಯಲ್ಲಿ ಬೇರೆ ಕಥೆ ಓದಿ ಹೇಳಬಹುದಿತ್ತು, ಗ್ರೂಪಿನಲ್ಲಿ ದಾಖಲೆ ಏಕೆ ಕೆಡಿಸಬೇಕು ಎಂದು ಕೇಳಿದೆ. "ಸುಳ್ಳ ಓದಾಕ ಬರೂದಿಲ್ರಿ ನನಗ. ಅದರಾಗ ಬರದದ್ದಿದ್ರ ಓದ್ತೇನಿ" ಎಂದಳು. ಈ ತರ್ಕಕ್ಕೆ ನನ್ನ ನೋಟ್‌ಬುಕ್ಕಿನಲ್ಲಿ ಕಾಲಂ ಇರಲಿಲ್ಲ. ಅಷ್ಟರಲ್ಲಿ ಒಳಗಿನಿಂದ, "ಯಾರ ಬಂದಾರ?" ಎಂದು ಕೇಳಿತು. "ನಮ್ಮ ಆಟದಾಗಿನ ಮಾಸ್ತರ ರೀ, ಗೋಕಾಕದವರು" ಎಂದು ಸುಮಿತ್ರಾ ಹೇಳಿ, ಒಲೆಯ ಮೇಲೆ ರೊಟ್ಟಿ ಸೀಯುವ ವಾಸನೆ ಬಂತೆಂದು ಅಡುಗೆಮನೆಗೆ ಓಡಿದಳು.

ಒಳಗೆ ಹೋದೆ. ಗಂಗವ್ವ ಒಣಗಿದ ಮೈಯವಳು, ಕಣ್ಣು ಮಾತ್ರ ಚುರುಕು. "ಕುಂದರ್ರಿ ಮಾಸ್ತರ. ಬೀರಜ್ಜ ಹೆಂಗದಾನ?" ಎಂದು ನೇರವಾಗಿ ಕೇಳಿದಳು. ಇಪ್ಪತ್ತೈದು ವರ್ಷ ಸತ್ಯವನ್ನೇ ಕಲಿಸಿದವನು ನಾನು. ಬಾಯಿ ತೆರೆದೆ, "ಅರಾಮ ಅದಾನ್ರಿ" ಎಂಬ ಮಾತು ಬಂತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಹೊಸದಾಗಿ ಸುಳ್ಳು ಹೇಳುವವನಿಗೆ ಎಲ್ಲಿ ನಿಲ್ಲಿಸಬೇಕೆಂಬುದು ತಿಳಿಯುವುದಿಲ್ಲ. ಇವತ್ತು ಮುಂಜಾನೆ ಅವನು ಎರಡು ಒಣಗಿದ ಕಟಕ ರೊಟ್ಟಿ ಕಡಿದು ತಿಂದು ಕುರಿಗಳನ್ನು ಹೊಳೆಯಾಚೆ ಹೊಡೆದುಕೊಂಡು ಹೋದನೆಂದು ಹೇಳಿದೆ. ಗಂಗವ್ವ ತಲೆ ಅಲ್ಲಾಡಿಸಿದಳು. "ಅವಂಗ ಹಲ್ಲ ಇಲ್ಲ. ಮೊದಲನೇ ದಿನಾನ ಹೇಳ್ಯಾರ. ರೊಟ್ಟಿ ಹಾಲಾಗ ನೆನಸಿ ತಿಂತಾನ. ಮತ್ತ ಹೊಳಿ ತುಂಬೇತಿ, ಹ್ವಾದ ಮಂಗಳಾರ ಓದ್ಯಾಳಾಕಿ. ತುಂಬಿದ ಹೊಳ್ಯಾಗ ಕುರಿ ಇಳಸೂ ಕುರುಬ ಯಾಂವಿದ್ದಾನ?"

ನಾನು ನೋಟ್‌ಬುಕ್ ತೆರೆದು ನೋಡಿದೆ. ಎರಡೂ ಅಲ್ಲಿ ನನ್ನ ಅಕ್ಷರದಲ್ಲೇ ಇದ್ದವು. ಮುದುಕಿ ಅಲ್ಲಿಗೆ ನಿಲ್ಲಲಿಲ್ಲ. ಮುನ್ನೂರು ಕುರಿಗಳನ್ನು ಮುಖ ನೋಡಿಯೇ ಗುರುತಿಸುತ್ತಿದ್ದ ಅವಳಿಗೆ ಹನ್ನೆರಡು ಜನರ ಮರೆವು ಯಾವ ಲೆಕ್ಕ? ಸೇನಾಪತಿಯ ಕೈ, ರಾಯಭಾರಿಯ ಹಲ್ಲು, ಕುದುರೆಯ ಹೆರಿಗೆ, ಎಲ್ಲವನ್ನೂ ಸಾಲಾಗಿ ಹೇಳಿದಳು. ನನಗೆ ಜೀವಮಾನದಲ್ಲಿ ಮೊದಲ ಸಲ ಸರಿಜೋಡಿ ಸಿಕ್ಕಂತಾಯಿತು. "ಖರೆ, ಖರೆ" ಎನ್ನುತ್ತ ಕುರ್ಚಿಯನ್ನು ಮುಂದೆ ಎಳೆದುಕೊಂಡೆ. ಆಗ ಅವಳೆಂದಳು: "ಅವರದೆಲ್ಲಾ ಇರಲಿ. ಆಸ್ಥಾನದಾಗ ಒಬ್ಬ ಕರಣಿಕ ಅದಾನ ನೋಡ್ರಿ, ದೊಡ್ಡ ಸುಳ್ಳಬುರಕ ಅಂವ. ಮೊದಲ ಬಂದಾಗ ನನಗ ಮಕ್ಕಳಿಲ್ಲ ಅಂದ. ಎರಡ ತಿಂಗಳಿಗೆ ಮಗಳ ಮದುವಿ ಅಂತ ರಾಣಿ ಕಡೆ ಹೋಗಿ ಇಲಕಲ್ ಸೀರಿ ಬೇಡಿದ. ಸೀರಿ ಸಲುವಾಗಿ ಮಗಳನ್ನ ಹುಟ್ಟಿಸಿದ. ಆ ಮಗಳು ಮತ್ತ ಎಲ್ಲೂ ಬರಲೇ ಇಲ್ಲ. ಪಾಪ, ಏನಾತೋ."

ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ಆ ಕರಣಿಕ ಯಾರೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ ಇಂದಿಗೂ ತಿಳಿಯದು. "ಮರತಿರಬೇಕ್ರಿ ಅಂವ" ಎಂದೆ. "ಮರತ್ರ ಮರತೇನಿ ಅನಬೇಕು. ಮಂದೀದು ಎತ್ತಿ ಆಡಬಾರದು" ಎಂದಳು. ಆಮೇಲೆ ಅಡುಗೆಮನೆಯ ಕಡೆ ಕಿವಿಗೊಟ್ಟು, ರೊಟ್ಟಿ ಬಡಿಯುವ ಸಪ್ಪಳ ನಡೆದಿದೆಯೆಂದು ಖಾತ್ರಿ ಮಾಡಿಕೊಂಡು, ದನಿ ಇಳಿಸಿದಳು. "ಬೀರಜ್ಜ ಸತ್ತಾನ ಅಂತ ನನಗ ಗೊತ್ತೈತ್ರಿ. ಗ್ವಾಡಿ ಮ್ಯಾಲಿಂದ ಬಿದ್ದ ಮುದುಕ ಮಜ್ಜಿಗಿ ಕುಡೀತಾನೇನು? ನಾ ಬಿದ್ದದ್ದು ಬರೇ ಒಂದ ಮೆಟ್ಟಲದ ಮ್ಯಾಲಿಂದ. ಆದ್ರ ಆ ಹುಡಗಿ ದಿನಾ ದುಡದ ಬಂದು, ಕುಂತು, ನನ್ನ ಸಲುವಾಗಿ ಅವನ್ನ ಜೀವಂತ ಇಟ್ಟಾಳ. ನಾ ಗುಳಿಗಿ ನುಂಗೂದು ಬೀರಜ್ಜನ ಸಲುವಾಗಿ ಅಲ್ಲ, ಆಕಿ ಸಲುವಾಗಿ. ಆಕಿ ಮುಂದ ಹೇಳಬ್ಯಾಡ್ರಿ ಮತ್ತ."

ಹೇಳಲಿಲ್ಲ. ಸುಮಿತ್ರಾ ತಟ್ಟೆ ತಂದು ಮುಂದಿಟ್ಟಳು. ಶೇಂಗಾ ಚಟ್ನಿ ಹಚ್ಚಿಕೊಂಡು ಎರಡು ರೊಟ್ಟಿ ತಿಂದೆ. ಗಂಗವ್ವ ನನ್ನೆದುರಿಗೇ ಗುಳಿಗೆ ನುಂಗಿ, "ಮುಂದ ಓದ" ಎಂದಳು. ಸುಮಿತ್ರಾ ಓದಿದಳು. ಬೀರಜ್ಜ ಅವತ್ತು ಕಳೆದುಹೋದ ಕುರಿಮರಿಯೊಂದನ್ನು ಹುಡುಕುತ್ತಿದ್ದ. ಅತ್ತೆ ಸೊಸೆ ಇಬ್ಬರೂ ಒಬ್ಬರಿಗೊಬ್ಬರು ಸುಳ್ಳು ಹೇಳುತ್ತ, ಆ ಮರಿ ಸಿಗುವವರೆಗೂ ಆತಂಕದಿಂದ ಕೂತಿದ್ದರು. ಮೂರನೆಯವನಾದ ನಾನೂ ಕೂತಿದ್ದೆ. ಮೊದಲು ಕರಿಯದಾಗಿದ್ದ ಮರಿ ಸಿಕ್ಕಾಗ ಬಿಳಿಯದಾಗಿತ್ತು. ಗಂಗವ್ವ ನನ್ನ ಕಡೆ ಒಮ್ಮೆ ನೋಡಿದಳು. ನಾನು ನೆಲ ನೋಡಿದೆ.

ಗ್ರೂಪಿನಲ್ಲಿ ಎಲ್ಲರೂ ಇತ್ಯರ್ಥಕ್ಕೆ ಕಾದಿದ್ದರು. ಬಸ್ಸಿನಲ್ಲಿ ಕೂತೇ ಕರಣಿಕನ ಪಾತ್ರದಲ್ಲಿ ಬರೆದೆ: ಗೋಡೆಯಿಂದ ಬಿದ್ದು ಸತ್ತವನು ಬೀರಜ್ಜನಲ್ಲ, ಬೇರೊಬ್ಬ ಮುದುಕ, ಹೆಸರನ್ನು ಕರಣಿಕನೇ ತಪ್ಪಾಗಿ ದಾಖಲಿಸಿದ್ದಾನೆ, ತಪ್ಪು ಕರಣಿಕನದು. ಇಂಥ ತ್ಯಾಗ ಮಾಡಿದವನಿಗೆ ನಾಲ್ಕು ಜನ ನಾಲ್ಕು ಒಳ್ಳೆಯ ಮಾತು ಬರೆಯುತ್ತಾರೆಂದು ಫೋನನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ. ಘಟಪ್ರಭಾ ಬರುವಷ್ಟರಲ್ಲಿ ರಾಜನ ಆಜ್ಞೆ ಬಂತು: ಸುಳ್ಳು ದಾಖಲೆ ಬರೆದ ಕರಣಿಕನಿಗೆ ಮರಣದಂಡನೆ. ಸಭೆ ಒಪ್ಪಿತು, ಆಟ ಬಿಟ್ಟು ಹೋಗಿದ್ದವರೂ ಜ್ವರ ವಾಸಿಯಾಗಿದೆಯೆಂದು ಬಂದು ಒಪ್ಪಿಗೆ ಕೊಟ್ಟರು. ಸೇನಾಪತಿ ಲಕ್ಕಪ್ಪ ತಾನೇ ಮುಂದೆ ಬಂದು ಆ ಕೆಲಸ ಮಾಡಿದ. ಅದುವರೆಗೆ ಎರಡು ಸಾಲಿಗಿಂತ ಹೆಚ್ಚು ಬರೆಯದವನು ಪುಟಗಟ್ಟಲೆ ಬರೆದ, ಒಂದು ಅಕ್ಷರದೋಷವಿಲ್ಲ. ಕತ್ತಿಯನ್ನು ಕೂಡ ಒಂದೇ ಕೈಯಲ್ಲಿ ಹಿಡಿದಿದ್ದ.

ನಾನು ಹೆಚ್ಚು ಬೇಸರಪಡಲಿಲ್ಲ. ಕೆಂಪುಗಡದ ಜನರನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು? ನಾಲ್ಕು ದಿನ ಹೋಗಲಿ, ಯಾರೋ ಒಬ್ಬರು ಮರೆತು 'ಕರಣಿಕ ಎದ್ದು ನಿಂತು ಹೇಳಿದ' ಎಂದು ಬರೆದೇ ಬರೆಯುತ್ತಾರೆ, ನಾನು ಏನೂ ಆಗದವನಂತೆ ಅಲ್ಲಿಂದ ಮುಂದುವರಿಸಬಹುದು ಎಂದುಕೊಂಡೆ. ಈಗ ಏಳನೆಯ ವಾರ. ಹೊಳೆ ಎರಡು ಸಲ ದಿಕ್ಕು ಬದಲಿಸಿದೆ. ಸೇನಾಪತಿಯ ಕೈ ಪೂರ್ತಿ ಚಿಗುರಿದೆ. ರಾಯಭಾರಿ ಮೂವತ್ತೆರಡೂ ಹಲ್ಲು ತೋರಿಸಿ ನಗುತ್ತಿದ್ದಾನೆ. ಕರಣಿಕ ಸತ್ತಿದ್ದಾನೆಂಬುದನ್ನು ಮಾತ್ರ ಇದುವರೆಗೆ ಒಬ್ಬರೂ ಮರೆತಿಲ್ಲ.